ನಿಮಗ ಹೆಂಗ ಬೇಕೋ ಹಂಗ ಮಾಡ್ರಿ

ಹುಬ್ಬಳ್ಳಿ–ಧಾರವಾಡವನ್ನು ಅವಳಿ ನಗರ ಎನ್ನುವುದು ರೂಢಿ. ಅವಳಿಗಳಲ್ಲಿ ಇರಬೇಕಾದ ಹೋಲಿಕೆ ನನಗಂತೂ ಇವತ್ತಿನವರೆಗೆ ಕಂಡಿಲ್ಲ. ಹುಬ್ಬಳ್ಳಿ ಅಂಗಡಿಯ ಶಟರ್ ಎತ್ತಿ ಬೋಣಿಗೆ ಮಾಡುವ ಹೊತ್ತಿಗೆ ಧಾರವಾಡ ಎರಡನೇ ಚಹಾ ಮುಗಿಸಿ, ಯಾರದೋ ಕವಿತೆ ಕವಿತೆಯೇ ಅಲ್ಲ ಎಂದು ವಾದಕ್ಕೆ ಕೂತಿರುತ್ತದೆ. ಆದರೆ ಒಂದು ವಿಷಯದಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಚಟ ನನಗಿದೆ. ವಿನ್ಯಾಸದಲ್ಲಿ ನಿಯಮ ಎಷ್ಟಿರಬೇಕು, ಮನಸ್ಸಿಗೆ ಬಂದಂತೆ ಮಾಡುವ ಸಲಿಗೆ ಎಷ್ಟಿರಬೇಕು ಎಂಬ ಮಾತು ಬಂದಾಗಲೆಲ್ಲ ಅದರ ಎರಡು ತುದಿಗಳನ್ನು ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ. ಸಿಟಿ ಬಸ್ಸು ಹತ್ತಿದರೆ ಸಾಕು.

ಒಂದು ತುದಿ ಹುಬ್ಬಳ್ಳಿಯ ಬೆಂಗೇರಿ. ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ. 1957ರಲ್ಲಿ ಹುಟ್ಟಿದ ಸಂಸ್ಥೆ. ಧ್ವಜಕ್ಕೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮುದ್ರೆ ಇದೆ. ಈ ಮುದ್ರೆಯ ಹಿಂದೆ ಒಂದು ಸ್ವಾರಸ್ಯವಿದೆ. ಸ್ವತಂತ್ರ ಭಾರತ ತನ್ನ ಮಾನಕಗಳಿಗೆ ಸಂಖ್ಯೆ ಕೊಡಲು ಕೂತಾಗ ಮೊದಲ ಸಂಖ್ಯೆ ಸಿಮೆಂಟಿಗೂ ಸಿಗಲಿಲ್ಲ, ಉಕ್ಕಿಗೂ ಸಿಗಲಿಲ್ಲ. ಐಎಸ್ 1 ಎಂದರೆ ಧ್ವಜ. ಅದರಲ್ಲಿ ಬಿಟ್ಟದ್ದೇನೂ ಇಲ್ಲ. ಉದ್ದಕ್ಕೂ ಅಗಲಕ್ಕೂ 3:2 ಪ್ರಮಾಣ. ಒಟ್ಟು 9 ಅಳತೆಗಳು. ದೊಡ್ಡದು 6300 ಮಿಲಿಮೀಟರ್ ಉದ್ದ 4200 ಮಿಲಿಮೀಟರ್ ಅಗಲ, ಚಿಕ್ಕದು 150ಕ್ಕೆ 100. ಚಕ್ರಕ್ಕೆ 24 ಅರಗಳು. ಕೇಸರಿ ಎಂದರೆ ಯಾವ ಕೇಸರಿ, ಹಸಿರು ಎಂದರೆ ಯಾವ ಹಸಿರು ಎಂಬುದಕ್ಕೂ ಅಂಕಿಗಳಿವೆ. ‘ಸ್ವಲ್ಪ ಡಾರ್ಕ್ ಇರಲಿ’ ಎನ್ನುವ ಗಿರಾಕಿಗೆ ಅಲ್ಲಿ ಪ್ರವೇಶವಿಲ್ಲ. ಬಟ್ಟೆ, ದಾರ, ಹಗ್ಗ, ಹೊಲಿಗೆ ಎಲ್ಲಕ್ಕೂ ಲೆಕ್ಕ. ಎಲ್ಲಕ್ಕಿಂತ ಕಠಿಣವಾದದ್ದು ಚಕ್ರದ ಮುದ್ರಣ. ಬಟ್ಟೆಯ ಎರಡೂ ಬದಿಗೆ ಅದು ಬರಬೇಕು, ಈ ಬದಿಯ ಅರದ ನೆತ್ತಿಯ ಮೇಲೆಯೇ ಆ ಬದಿಯ ಅರ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ ಎರಡು ಚಕ್ರ ಕಾಣುತ್ತವೆ. ಆ ಧ್ವಜ ಹಾರುವುದಿಲ್ಲ.

ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರಲ್ಲಿ ಯಾರಿಗೂ 25ನೆಯ ಅರವೊಂದನ್ನು ಸೇರಿಸಿ ತಮ್ಮ ಪ್ರತಿಭೆ ತೋರಿಸುವ ಆಸೆ ಇದ್ದಂತಿಲ್ಲ. ಸೃಜನಶೀಲತೆ ಎಲ್ಲ ಕಡೆಗೂ ಬೇಕು ಎಂದು ಭಾಷಣ ಮಾಡುವವರು ಒಮ್ಮೆ ಬೆಂಗೇರಿಗೆ ಹೋಗಿಬರಬೇಕು. ಕೆಲವು ಕೆಲಸಗಳಲ್ಲಿ ನಿನ್ನಿನಂತೆಯೇ ಇವತ್ತೂ ಮಾಡುವುದೇ ಹೆಚ್ಚುಗಾರಿಕೆ. ಧ್ವಜವನ್ನು ನೋಡಿದವನಿಗೆ ಅದನ್ನು ಮಾಡಿದವನ ನೆನಪು ಬರಬಾರದು, ದೇಶದ ನೆನಪು ಬರಬೇಕು. ಸಹಿ ಹಾಕುವ ಜಾಗವಲ್ಲ ಅದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ಬಂತು. ಖಾದಿಯ ಜೊತೆಗೆ ಪಾಲಿಯೆಸ್ಟರೂ ಆಗಬಹುದು, ಕೈಯಲ್ಲಿ ನೇಯ್ದದ್ದೂ ಆಗಬಹುದು, ಯಂತ್ರದಲ್ಲಿ ನೇಯ್ದದ್ದೂ ಆಗಬಹುದು ಎಂದಾಯಿತು. ನಿಯಮ ಸಡಿಲವಾಯಿತು, ಎಲ್ಲರಿಗೂ ಸಂತೋಷವಾಗಬೇಕಿತ್ತು. ಬೆಂಗೇರಿಯಲ್ಲಿ ಮಾತ್ರ ಪ್ರತಿಭಟನೆ ನಡೆಯಿತು. ಕೈಮಗ್ಗದವರ ಅನ್ನ ಕಾಯುತ್ತಿದ್ದದ್ದು ಆ ಬಿಗಿ ನಿಯಮವೇ ಆಗಿತ್ತು. ಸ್ವಾತಂತ್ರ್ಯ ಬಂತು ಎಂದಾಗ ಯಾರಿಗೆ ಬಂತು ಎಂದು ಕೇಳುವುದು ಒಳ್ಳೆಯದು. ಗಿರಣಿಗೆ ಬಂದದ್ದು ಮಗ್ಗಕ್ಕೂ ಬಂದಿರಬೇಕೆಂದೇನೂ ಇಲ್ಲ.

ಇನ್ನೊಂದು ತುದಿ ಧಾರವಾಡದ ಕಸೂತಿ. ಇಳಕಲ್ ಸೀರೆಯ ಮೇಲೆ, ಖಣದ ಕುಪ್ಪಸದ ಮೇಲೆ, ಮೊದಲೆಲ್ಲ ಕುಲಾಯಿ–ಅಂಗಿಗಳ ಮೇಲೂ ಹೆಣ್ಣುಮಕ್ಕಳು ಸೂಜಿಯಿಂದ ಬರೆದ ತೇರು, ಗೋಪುರ, ತುಳಸಿಕಟ್ಟೆ, ಗಿಳಿ, ನವಿಲು, ಆನೆ. ಇದನ್ನು ಸ್ವಾತಂತ್ರ್ಯದ ತುದಿ ಎಂದುಕೊಂಡು ನೀವು ಒಳಗೆ ಕಾಲಿಟ್ಟರೆ ನಮ್ಮ ಮೌಶಿ ನಿಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಾಳೆ. ಓಣಿಯಲ್ಲಿ ಕಸೂತಿಗೆ ಹೆಸರಾದಾಕೆ. ಆಕೆಯ ನಿಯಮಗಳು ಐಎಸ್ 1ಕ್ಕಿಂತ ಕಡಿಮೆಯವಲ್ಲ, ಅಚ್ಚು ಹಾಕಿಸಿಲ್ಲ ಅಷ್ಟೇ.

ಬಟ್ಟೆಯ ಮೇಲೆ ಪೆನ್ಸಿಲ್ ಮುಟ್ಟಿಸುವಂತಿಲ್ಲ. ಕಾರ್ಬನ್ ಹಾಳೆ, ಅಚ್ಚು ಯಾವುದೂ ಇಲ್ಲ. ಬಟ್ಟೆಯ ಹಾಸುಹೊಕ್ಕಿನ ಎಳೆಗಳನ್ನು ಕಣ್ಣಿನಿಂದ ಎಣಿಸಿಕೊಂಡು ಸೂಜಿ ಹಾಕಬೇಕು. ಸೂಜಿ ಅಡ್ಡ ಹೋಗಬಹುದು, ಉದ್ದ ಹೋಗಬಹುದು, ಓರೆ ಹೋಗಬಹುದು, ಬಾಗುವಂತಿಲ್ಲ. ಆನೆಯ ಸೊಂಡಿಲೇ ಇರಲಿ, ಗಿಳಿಯ ಕೊಕ್ಕೇ ಇರಲಿ, ಮೆಟ್ಟಿಲು ಮೆಟ್ಟಿಲಾಗಿಯೇ ಬಾಗಬೇಕು. ದಾರಕ್ಕೆ ಗಂಟಂತೂ ಕೂಡದು, ಶುರುವಿನಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಇಂತಿಷ್ಟು ಎಳೆ ಮೇಲೆ, ಅಷ್ಟೇ ಎಳೆ ಕೆಳಗೆ ಎಂದು ಮುಳುಗೇಳುತ್ತ ಹೋಗುತ್ತದೆ. ಆಗ ಕಾಣುವುದು ತುಂಡುತುಂಡಾದ ಗೆರೆ. ಹೋದ ದಾರಿಯಲ್ಲೇ ಮರಳಿ ಬರುವಾಗ ಬಿಟ್ಟ ಜಾಗಗಳು ತುಂಬಿ ಗೆರೆ ಕೂಡುತ್ತದೆ. ಹೀಗಾಗಿ ಮುಂದೆ ಕಂಡದ್ದೇ ಹಿಂದೆಯೂ ಕಾಣುತ್ತದೆ. ಮುರಗಿಯೂ ಹಾಗೆಯೇ, ಅದು ಮೆಟ್ಟಿಲ ನಡಿಗೆ. ನೇಯ್ಗಿ, ಮೆಂತಿ ಎಂಬ ಹೊಲಿಗೆಗಳಿಗೆ ಈ ಮಡಿ ಇಲ್ಲ. ಅವುಗಳ ಬೆನ್ನು ಬೇರೆ, ಮುಖ ಬೇರೆ. ಗವಂತಿಯಲ್ಲಿ ಹೋಗುವಾಗ ಒಂದು ಎಳೆ ಲೆಕ್ಕ ತಪ್ಪಿದರೆ ಆಗಲೇ ಗೊತ್ತಾಗುವುದಿಲ್ಲ. ಬರುವಾಗ ಗೋಪುರದ ಕಳಸ ಕೂಡುವುದಿಲ್ಲ. ಆಗ ಬಿಚ್ಚುವುದೊಂದೇ ದಾರಿ.

ಯಾರಾದರೂ ಕಸೂತಿಯ ಸೀರೆ ತಂದು ಹೊಗಳಿಕೆಗೆ ನಿಂತರೆ ಮೌಶಿ ಚಿತ್ರದ ಮೇಲೆ ಕಣ್ಣೇ ಹಾಯಿಸುವುದಿಲ್ಲ. ‘ಹಿಂದ ಹೊಳ್ಳಸು’ ಎನ್ನುತ್ತಾಳೆ. ಹೊಳ್ಳಿಸಿದ ಮೇಲೆ ಮಾತು ಮುಗಿಯಿತು.

ಇಷ್ಟೊಂದು ಬಿಗಿಯಿದ್ದರೆ ಆಕೆಯದು ಅಂತ ಏನು ಉಳಿಯಿತು ಎಂದು ನನಗೆ ಬಹಳ ದಿನ ಕುತೂಹಲವಿತ್ತು. ಉತ್ತರ ಸಿಕ್ಕಿದ್ದು ಆಕೆಯದೇ ಒಂದು ಹಳೆಯ ಸೀರೆಯ ಸೆರಗಿನ ಹತ್ತಿರ. ಎರಡು ಗೋಪುರ, ಅವುಗಳ ನಡುವೆ ಸಾಮಾನ್ಯವಾಗಿ ತೇರು ಬರಬೇಕು. ಅಲ್ಲಿ ಒಂದು ಬಸ್ಸು ನಿಂತಿತ್ತು! ಕಿಟಕಿ ಆರು, ಹಿಂದೆ ಏಣಿ, ಟಾಪಿನ ಮೇಲೆ ಗಂಟುಮೂಟೆ. ಗಾಲಿಗಳು ಮಾತ್ರ ಎಂಟು ಮೂಲೆಯವು, ದುಂಡು ಬರೆಯುವ ದಾರಿ ಕಸೂತಿಯಲ್ಲಿಲ್ಲವಲ್ಲ. ಮೌಶಿಯ ಗಂಡ, ನಮ್ಮ ಕಾಕಾ, ಬಸ್ ಕಂಡಕ್ಟರ್ ಆಗಿದ್ದರು ಎಂಬುದನ್ನು ಇಲ್ಲಿ ತಿಳಿಸಬೇಕು. ‘ಇದು ಸಂಪ್ರದಾಯದಾಗ ಐತೇನ ಮೌಶಿ?’ ಎಂದೆ. ಆಕೆ ನನ್ನನ್ನು ಸಣ್ಣ ಹುಡುಗನನ್ನು ನೋಡಿದಂತೆ ನೋಡಿದಳು. ‘ತೇರಿಗೆ ಗಾಲಿ ಅದಾವ, ಬಸ್ಸಿಗೂ ಅದಾವ. ಎಳಿ ಲೆಕ್ಕಕ್ಕ ಬಂತಂದ್ರ ಆತು. ಏನ ತೆಗೀಬೇಕು ಅಂತ ಬಟ್ಟಿ ಏನ್ ಹೇಳತೈತಿ?’

ಬಟ್ಟೆಯ ನಿಯಮದ ಗುಣವೇ ಇದು. ಅದು ಹೇಗೆ ಮಾಡಬೇಕು ಎನ್ನುತ್ತದೆ, ಏನು ಮಾಡಬೇಕು ಎಂಬ ತಂಟೆಗೆ ಬರುವುದಿಲ್ಲ. ತೇರೋ ಬಸ್ಸೋ ಅದಕ್ಕೆ ಅಷ್ಟೇ. ನಿಯಮ ಮುರಿಯಬೇಕಾದರೆ ಮೊದಲು ಕಲಿಯಬೇಕು ಎಂಬ ಮಾತೊಂದು ಡಿಸೈನ್ ಓದುವ ಹುಡುಗರ ಬಾಯಲ್ಲಿ ಓಡಾಡುತ್ತಿರುತ್ತದೆ. ಮೌಶಿ ಮುರಿಯಲಿಕ್ಕೆಂದು ಕಲಿತಾಕೆಯಲ್ಲ. ಮುರಿಯುವ ಗೊಡವೆಯೇ ಇಲ್ಲದೆ ಬಸ್ಸು ಓಡಿಸಿಬಿಟ್ಟಳು.

ಇದೇ ಸೀಮೆಯ ಇನ್ನೊಬ್ಬರು ಹೀಗೆಯೇ ಮಾಡಿದ್ದರು. ಕೋಳಿವಾಡದ ನಾರಣಪ್ಪ, ನಮಗೆಲ್ಲ ಕುಮಾರವ್ಯಾಸ. ಭಾಮಿನಿ ಷಟ್ಪದಿ ಎಂದರೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರಕ್ಕೆ 23. ಮೂರು–ನಾಲ್ಕು, ಮೂರು–ನಾಲ್ಕು ಎಂದು ಹೆಜ್ಜೆ ತಪ್ಪದ ನಡೆ. ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಬೇರೆ. ಒಟ್ಟು 102 ಮಾತ್ರೆಯ ಈ ಚೌಕಟ್ಟಿನೊಳಗೆ ಹತ್ತು ಪರ್ವದ ಭಾರತವನ್ನೇ ತುಂಬಿ, ಒಳಗೆ ಕೃಷ್ಣನ ಕೊಂಟೆ, ಭೀಮನ ಸಿಟ್ಟು, ಉತ್ತರಕುಮಾರನ ಬಡಾಯಿ ಯಾವುದಕ್ಕೂ ಉಸಿರುಗಟ್ಟದ ಹಾಗೆ ನೋಡಿಕೊಂಡ. ಹಲಗೆ–ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಎಂದು ಹೆಮ್ಮೆಯನ್ನೂ ಪಟ್ಟುಕೊಂಡ. ಕವಿಗಳ ಹೆಮ್ಮೆಗೆ ಸಾಕ್ಷಿ ಕೇಳಬಾರದು. ಆದರೆ ಬಟ್ಟೆಯ ಮೇಲೆ ಪೆನ್ಸಿಲ್ ಮುಟ್ಟಿಸದ ಮೌಶಿಗೆ ಆ ಹೆಮ್ಮೆ ತಕ್ಷಣ ಅರ್ಥವಾಗುತ್ತದೆ.

ಎಳೆ ಎಣಿಸುವ ವಿದ್ಯೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. 1984ರ ಜನವರಿಯಲ್ಲಿ ಅಮೆರಿಕದ ಆ್ಯಪಲ್ ಕಂಪನಿ ಮ್ಯಾಕಿಂತೋಷ್ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಪರದೆಯ ಮೇಲಿನ ಪುಟಾಣಿ ಚಿತ್ರಗಳನ್ನು, ಕಸದ ಬುಟ್ಟಿ, ನಗುವ ಕಂಪ್ಯೂಟರು ಇತ್ಯಾದಿಗಳನ್ನು, ಬರೆದಾಕೆ ಸೂಸನ್ ಕೇರ್. ಕಲೆಯ ಇತಿಹಾಸ ಓದಿದ ಹೆಣ್ಣುಮಗಳು. ಕಂಪ್ಯೂಟರಿನ ಕೆಲಸ ಗೊತ್ತಿರಲಿಲ್ಲ. ಗೆಳೆಯನೊಬ್ಬ ಗ್ರಾಫ್ ಹಾಳೆಯ ಪುಸ್ತಕ ಕೊಂಡುಕೊ ಎಂದ. ಅಡ್ಡ 32 ಮನೆ, ಉದ್ದ 32 ಮನೆ, ಒಟ್ಟು 1,024. ಪ್ರತಿ ಮನೆ ಕಪ್ಪು ಇಲ್ಲವೇ ಬಿಳಿ, ನಡುವೆ ಮತ್ತೊಂದಿಲ್ಲ. ದುಂಡಗೆ ಏನೂ ಬರುವುದಿಲ್ಲ, ಎಲ್ಲ ಮೆಟ್ಟಿಲು. ಇದು ಮೊಸಾಯಿಕ್ಕಿನ, ಎಳೆ ಎಣಿಸಿ ಹಾಕುವ ಹೊಲಿಗೆಯ ಕೆಲಸವೇ ಎಂದು ಆಕೆಗೆ ಹೊಳೆಯಿತು. ಎಂಟು ಮೂಲೆಯ ಗಾಲಿ ಕಂಡಿದ್ದರೆ ಆಕೆಯೂ ನಮ್ಮ ಮೌಶಿಯೂ ಭಾಷೆಯ ಹಂಗಿಲ್ಲದೆ ಒಂದು ಮಧ್ಯಾಹ್ನ ಕಳೆಯುತ್ತಿದ್ದರು.

ಅದೇ ಯಂತ್ರದ ಕೀಲಿಮಣೆಯಲ್ಲಿ ಒಂದು ಗುಂಡಿಗೆ ಮೊದಲು ಕಂಪನಿಯ ಸೇಬಿನ ಗುರುತು ಹಾಕಿದ್ದರಂತೆ. ಪರದೆಯ ತುಂಬ ಸೇಬು ಹರಡಿದ್ದು ನೋಡಿ ಸ್ಟೀವ್ ಜಾಬ್ಸ್‌ಗೆ ರೇಗಿತು. ಬೇರೆ ಗುರುತು ಹುಡುಕಲು ಹೊರಟ ಸೂಸನ್ ಕೇರ್ ಚಿಹ್ನೆಗಳ ಪುಸ್ತಕವೊಂದರಲ್ಲಿ ಸ್ವೀಡನ್ ಕಡೆಯ ಗುರುತೊಂದನ್ನು ಕಂಡಳು. ನೋಡತಕ್ಕ ಸ್ಥಳ ಇಲ್ಲಿದೆ ಎಂದು ರಸ್ತೆ ಬದಿಗೆ ಹಾಕುವ ಗುರುತು. ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಕುಣಿಕೆ, ಎಲ್ಲೂ ಕಡಿಯದ ಒಂದೇ ಗೆರೆ. ನಮ್ಮ ಕಡೆಯ ಯಾವ ಹೆಣ್ಣುಮಗಳಿಗೆ ತೋರಿಸಿದರೂ, ಐದು ಚುಕ್ಕಿಯ ಎಳೆ ರಂಗೋಲಿ ಅಲ್ಲವೇ ಎನ್ನುತ್ತಾಳೆ. ಮೂಲೆಗೊಂದರಂತೆ ನಾಲ್ಕು ಚುಕ್ಕಿ, ನಡುವೆ ಒಂದು. ಕೈ ಎತ್ತದೆ ಸುತ್ತಿ ಬಂದರೆ ಆಯಿತು.

ಎಳೆ ರಂಗೋಲಿಗೂ ನಿಯಮವಿದೆ. ಗೆರೆ ಚುಕ್ಕಿಯನ್ನು ಬಳಸಿ ಹೋಗಬೇಕು, ಮುಟ್ಟಬಾರದು. ಒಂದು ಚುಕ್ಕಿಯೂ ಹೊರಗೆ ಉಳಿಯಬಾರದು. ಹೊರಟಲ್ಲಿಗೆ ಬಂದು ಕೂಡಬೇಕು. ಮದರಾಸು ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಜೊತೆಯವರು 1970ರ ದಶಕದಲ್ಲಿ ತಮಿಳು ಮನೆಗಳ ಕೋಲಂ ಹಿಡಿದುಕೊಂಡು ಅದಕ್ಕೆ ಕಂಪ್ಯೂಟರ್ ವಿಜ್ಞಾನದ ವ್ಯಾಕರಣವನ್ನೇ ಬರೆದರು. ಬೆಳಗಿನ ಆರು ಗಂಟೆಗೆ, ಹಾಲಿನವನು ಬರುವುದರೊಳಗೆ, ಬಗ್ಗಿದ ನಡುವಿನಲ್ಲಿ ನಡೆಯುವ ಕೆಲಸ ಅದು ಎಂಬುದನ್ನು ಮಾತ್ರ ಯಾವ ಸೂತ್ರದಲ್ಲೂ ಹಿಡಿಯಲಾಗುವುದಿಲ್ಲ.

ಈಗ ಕಸೂತಿ ಮೊಬೈಲ್ ಚೀಲದ ಮೇಲೆ ಬಂದಿದೆ, ಕಿಟಕಿಯ ಪರದೆಯ ಮೇಲೆ, ಸೋಫಾದ ದಿಂಬಿನ ಮೇಲೆ ಬಂದಿದೆ. ಇದಕ್ಕೆ ಮೂಗು ಮುರಿಯುವವರು ಬಹಳ ಮಂದಿ. ನಾನು ಅವರ ಪಂಗಡದವನಲ್ಲ. ಸೀರೆಯ ಮೇಲಿದ್ದ ಗಿಳಿ ದಿಂಬಿನ ಮೇಲೆ ಕೂತರೆ ಗಿಳಿಗೇನೂ ನಷ್ಟವಿಲ್ಲ. ನನ್ನ ತಕರಾರು ಬೇರೆ. ಕಂಪ್ಯೂಟರ್ ಹೊಲಿಗೆಯ ಯಂತ್ರದಲ್ಲಿ ಗೋಪುರವನ್ನು ಅಚ್ಚುಕಟ್ಟಾಗಿ ತೆಗೆದು ಕಸೂತಿ ಎಂದು ಮಾರುತ್ತಾರೆ. ಮುಂದಿನಿಂದ ನೋಡಿದರೆ ಒಂದು ಎಳೆ ಹೆಚ್ಚುಕಡಿಮೆ ಇಲ್ಲ. ಹೊಳ್ಳಿಸಿದರೆ ದಾರದ ಗೋಜಲು, ಅದರ ಮೇಲೆ ಅಂಟಿಸಿದ ಕಾಗದದ ಚೂರು. ಅದನ್ನು ಯಂತ್ರದ ಕಸೂತಿ ಎಂದು ಹೇಳಿ ಮಾರಲಿ, ಕೊಳ್ಳುವವರು ಕೊಳ್ಳಲಿ. ಹೇಳದೆ ಮಾರುವುದರಲ್ಲೇ ಮೋಸವಿದೆ.

ನಿಯಮಗಳಲ್ಲೂ ಹೇಳಿದ್ದು, ಹೇಳದ್ದು ಎಂಬ ಈ ಭೇದ ಇದೆಯೆಂಬುದು ನನ್ನ ತಲೆಗೆ ಹತ್ತಿದ್ದು ನನ್ನದೇ ಉದ್ಯೋಗದಿಂದ. ನಾನು ಅಕ್ಷರದ ಕೂಲಿ. ಬೋರ್ಡು, ಬ್ಯಾನರು, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ. ಬಣ್ಣ ಕಲಸಿ ಬ್ರಶ್ಶು ಹಿಡಿದ ಕಾಲವೂ ಗೊತ್ತು, ಕೋರೆಲ್‌ಡ್ರಾ ಕಾಲವೂ ಗೊತ್ತು.

ಬೋರ್ಡಿನ ಮಾತಿಗೆ ಬಂದರೆ, 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಎಂದಾಯಿತು. ಕಾಯ್ದೆ ಬಂದ ಕೂಡಲೇ ನಮ್ಮ ಕಸುಬಿನವರಿಗೆ ಸುಗ್ಗಿ. ನಾನು ಆ ಕಾಯ್ದೆಯನ್ನು ಮೆಚ್ಚುತ್ತೇನೆ, ಹೊಟ್ಟೆಪಾಡಿನ ಕಾರಣವನ್ನು ಬದಿಗಿಟ್ಟೂ ಮೆಚ್ಚುತ್ತೇನೆ. ಆದರೆ ಜಾಗ ಅಳೆಯುವ ಕಾಯ್ದೆ ಅಂದವನ್ನು ಅಳೆಯಲಾರದು. ಇಂಗ್ಲಿಷಿನ ದೊಡ್ಡಕ್ಷರಗಳು ಬೆಂಕಿಪೊಟ್ಟಣ ಜೋಡಿಸಿದ ಹಾಗೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಕನ್ನಡದ್ದು ಸಂಸಾರವಂದಿಗರ ಮನೆ. ಮೇಲೆ ತಲೆಕಟ್ಟು, ಬಲಕ್ಕೆ ದೀರ್ಘ, ಕೆಳಗೆ ಒತ್ತು. ‘ಶ್ರೀ’ ಎಂಬ ಒಂದೇ ಅಕ್ಷರಕ್ಕೆ ಎರಡಂತಸ್ತು ಬೇಕು. ‘ಸ್ಟ್ರಾಬೆರಿ’ ಎಂದು ಬರೆಯಿಸುವವನು ಮೂರನೆಯ ಅಂತಸ್ತಿಗೂ ಪಾಯ ತೆಗೆಸುತ್ತಾನೆ. ಇಂಗ್ಲಿಷಿಗೆಂದು ಹಾಕಿದ ಪಟ್ಟಿಯಲ್ಲಿ ಇದನ್ನು ತುರುಕಬೇಕಾದರೆ ಅಕ್ಷರ ಚಪ್ಪಟೆ ಮಾಡುತ್ತಾರೆ, ಇಲ್ಲವೇ ಒತ್ತು ಕೆಳಗಿನ ಫೋನ್ ನಂಬರಿನ ನೆತ್ತಿ ಕುಕ್ಕುತ್ತದೆ. ಶೇ 60 ಲೆಕ್ಕಕ್ಕೆ ಸರಿ ಬಂತು. ಓದಲು ಬರುವುದಿಲ್ಲ, ಅಷ್ಟೇ.

ಹಳೆಯ ಪೇಂಟರುಗಳು ಇದನ್ನು ಬಗೆಹರಿಸುತ್ತಿದ್ದ ಬಗೆ ನೋಡಬೇಕಿತ್ತು. ಮೊದಲು ದಾರಕ್ಕೆ ಸುಣ್ಣದ ಪುಡಿ ತೀಡಿ, ಎರಡು ತುದಿಗೆ ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಟಪ್ಪೆಂದು ಬೋರ್ಡಿನ ಮೇಲೆ ಬಿಳಿ ಗೆರೆ ಕೂರುತ್ತಿತ್ತು. ಮೇಲೊಂದು, ಕೆಳಗೊಂದು. ಅಕ್ಷರದ ಮೈ ಆ ಎರಡು ಗೆರೆಯ ನಡುವೆಯೇ. ಆದರೆ ಒತ್ತು ಬಂದಾಗ ಮಾತ್ರ ಪೇಂಟರನು ಗೆರೆಯ ಕೆಳಗೆ ಹೋಗಿ, ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ಖಾಲಿ ಜಾಗ ಎಲ್ಲಿದೆಯೋ ನೋಡಿ ಅದರೊಳಗೆ ಒತ್ತಿನ ಬಾಲ ಸೇರಿಸಿಬಿಡುತ್ತಿದ್ದ. ‘ಅಪ್ಪಣ್ಣ ಸ್ಟೋರ್ಸ್’ ಎಂಬ ಸಾಲಿನಲ್ಲಿ ಮೂರು ಒತ್ತು ಮೂರು ಗಾತ್ರದವು ಇರುತ್ತಿದ್ದವು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಂದಿನ ಫಾಂಟಿಗೆ ಈ ಕಣ್ಣಿಲ್ಲ. ಅದಕ್ಕೆ ಎಲ್ಲ ಒತ್ತೂ ಒಂದೇ. ಅದೇ ಬೋರ್ಡನ್ನು ಕಂಪ್ಯೂಟರಿನಲ್ಲಿ ಮಾಡುವಾಗ ನಾನು ಒತ್ತುಗಳನ್ನು ಬಿಡಿಸಿಕೊಂಡು ಕೈಯಿಂದ ಒಂದೊಂದಾಗಿ ಸರಿಸುತ್ತ ಕೂರುತ್ತೇನೆ. ಗಿರಾಕಿ ಗಡಿಯಾರ ನೋಡುತ್ತ ಕೂರುತ್ತಾನೆ.

ಇಷ್ಟಾದರೂ ಕಾಯ್ದೆಯ ನಿಯಮ ಮುಖಕ್ಕೆ ಹೇಳಿದ ನಿಯಮ. ಅದರ ಜೊತೆ ಬಾಳುವೆ ಮಾಡಬಹುದು. ನನ್ನ ನಿದ್ದೆ ಕೆಡಿಸಿರುವುದು ಯಾರೂ ಹೇಳದ ನಿಯಮಗಳು. ಉದಾಹರಣೆಗೆ ಫ್ಲೆಕ್ಸು. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸಿನಲ್ಲಿ ನಾಯಕರ ಮುಖ ಎಷ್ಟು ದೊಡ್ಡದು, ಅವರ ಮೇಲಿನ ನಾಯಕರ ಮುಖ ಎಲ್ಲಿ, ಕೆಳಗಿನ ಸಾಲಿನ ತರುಣ ಮುಖಂಡರಲ್ಲಿ ಕನ್ನಡಕ ಹಾಕಿದವರು ಮೊದಲೋ ಕೈ ಮುಗಿದವರು ಮೊದಲೋ, ಇದನ್ನೆಲ್ಲ ಹೇಳುವ ಐಎಸ್ ಎಷ್ಟನೆಯದೋ ದೇವರೇ ಬಲ್ಲ. ದುಡ್ಡು ಕೊಟ್ಟವನು ‘ಚಂದ ಮಾಡಿ ಕೊಡ್ರಿ’ ಎಂದಷ್ಟೇ ಹೇಳಿ ಹೋಗುತ್ತಾನೆ. ಫ್ಲೆಕ್ಸು ಕಂಬಕ್ಕೆ ಏರಿದ ಮೇಲೆ ರಾತ್ರಿ ಹತ್ತಕ್ಕೆ ಫೋನು. ಒಬ್ಬರ ತಲೆ ಇನ್ನೊಬ್ಬರ ಹೆಗಲಿಗಿಂತ ಅರ್ಧ ಇಂಚು ಕೆಳಗಿದೆಯಂತೆ. ಧ್ವಜದ 24 ಅರಗಳನ್ನು ಎಣಿಸಿ ಹಾಕುವುದು ಇದರ ಮುಂದೆ ಸುಖದ ಕೆಲಸ.

ಲಗ್ನಪತ್ರಿಕೆಯಂತೂ ಕೇಳಲೇಬೇಡಿ. ಮೇಲೆ ಕುಲದೇವರು ಪ್ರಸನ್ನ, ಒಂದು ಕಡೆ ಚಿ., ಇನ್ನೊಂದು ಕಡೆ ಚಿ. ಕುಂ. ಸೌ., ಮುಹೂರ್ತ, ಸ್ಥಳ, ಸುಖಾಗಮನ ಬಯಸುವವರು, ಕೊನೆಗೆ ‘ನಮ್ಮ ಮಾಮಾನ ಮದುವಿಗೆ ತಪ್ಪದೇ ಬರ್ರಿ’ ಎಂದು ಇನ್ನೂ ಮಾತು ಬಾರದ ಕೂಸುಗಳ ಹೆಸರು. ಇಲ್ಲಿಯವರೆಗೆ ಕಣ್ಣು ಮುಚ್ಚಿ ಜೋಡಿಸಬಹುದು. ಹಳೆಯ ಗಿರಾಕಿ ಬಂದು ‘ಎಲ್ಲಾರಂಗ ಮಾಡ್ರಿ’ ಎನ್ನುತ್ತಾನೆ, ಪಾಪದ ಮನುಷ್ಯ. ಹೊಸ ತಲೆಮಾರಿನವರು ಬಂದು ಹೇಳುವ ಮಾತು ಬೇರೆ: ‘ಕಾಕಾ, ನಿಮಗ ಹೆಂಗ ಬೇಕೋ ಹಂಗ ಮಾಡ್ರಿ. ಫುಲ್ ಫ್ರೀಡಂ.’

ಈ ಮಾತು ಕೇಳಿದರೆ ನನಗೆ ಎದೆ ಡವಗುಟ್ಟುತ್ತದೆ. ಫುಲ್ ಫ್ರೀಡಂ ಕೊಟ್ಟವನ ನಿಯಮಗಳು ಅವನಿಗೇ ಗೊತ್ತಿರುವುದಿಲ್ಲ. ನಾನು ಮಾಡಿ ತೋರಿಸಿದ ಮೇಲೆ ಒಂದೊಂದಾಗಿ ಗೊತ್ತಾಗುತ್ತವೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಹುಡುಗನೊಬ್ಬ ಹೀಗೆ ಬಂದ. ನಾನು ಹುಮ್ಮಸ್ಸಿನಿಂದ ಕಪ್ಪು ಹಿನ್ನೆಲೆಯ ಮೇಲೆ ಕೆಂಪು–ಹಳದಿಯ ಕಸೂತಿಯ ತೇರು, ಗೋಪುರ ಹಾಕಿ ಕಾರ್ಡು ಮಾಡಿದೆ. ಒಂದು ಕಾಲಕ್ಕೆ ಇಲ್ಲಿಯ ಮದುಮಗಳ ಬಳಿ ಕಸೂತಿ ಹಾಕಿದ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆ ಇರಲೇಬೇಕಿತ್ತು, ಆ ನೆನಪಿಗೆ. ಹುಡುಗ ಕುಣಿದಾಡಿದ. ಮರುದಿನ ತಾಯಿಯ ಜೊತೆ ಬಂದ.

‘ಕರೀ ಕಾರ್ಡು ಮಂದಿಗೆ ಹೆಂಗ ಕೊಡೂದ್ರಿ? ಶುಭಕಾರ್ಯ.’

‘ನಿಮ್ಮತ್ತಿಯವರ ಮದುವಿ ಚಂದ್ರಕಾಳಿಯೊಳಗ ಆಗಿರಬೇಕಲ್ರೀ ವೈನಿ’ ಎಂದೆ.

‘ಸೀರಿ ಬ್ಯಾರೆ, ಕಾರ್ಡು ಬ್ಯಾರೆ.’

ಕಪ್ಪು ಹೋಗಿ ಕಂದು ಬಂತು. ಕಂದು ಮಂಕಾಗಿ ಕಾಣುತ್ತದೆ ಎಂದು ಕೇಸರಿ ಬಂತು. ತೇರಿನ ಸುತ್ತ ಖಾಲಿ ಬಿಟ್ಟಿದ್ದ ಜಾಗ ನೋಡಿ ಸೋದರಮಾವ, ‘ರೊಕ್ಕ ಕೊಟ್ಟೀವಿ, ಜಾಗಾ ಯಾಕ ಬಿಟ್ಟೀರಿ?’ ಎಂದ. ಅಲ್ಲಿ ನಾಲ್ಕು ಮಾವಿನ ತೋರಣ ಬಂದವು. ಗಣಪತಿಯ ಸೊಂಡಿಲು ಯಾವ ಕಡೆ ಎಂಬುದಕ್ಕೆ ಎರಡು ಮನೆತನಗಳ ನಡುವೆ ಫೋನಿನಲ್ಲಿ ಚರ್ಚೆ ನಡೆಯಿತು. ಸಿಂಪಲ್ ಇರಬೇಕು, ಆದರೆ ಗ್ರ್ಯಾಂಡ್ ಕಾಣಬೇಕು ಎಂಬುದು ಹುಡುಗನ ಕೊನೆಯ ಬೇಡಿಕೆ. ಅಚ್ಚಾಗಿ ಬಂದದ್ದು ‘ಎಲ್ಲಾರಂಗ’ ಮಾಡಿದ ಕಾರ್ಡೇ. ಅಲ್ಲಿಗೆ ಮುಟ್ಟಲು ಸ್ವಾತಂತ್ರ್ಯದ ದಾರಿ ಹಿಡಿದೆವು, ಬಹಳ ಸುತ್ತಾಯಿತು.

ಇದಾದ ಮೇಲೆ ನಾನೊಂದು ಫಾರಂ ಮಾಡಿಸಿದ್ದೇನೆ. ಫುಲ್ ಫ್ರೀಡಂ ಎಂದವರ ಕೈಗೆ ಮೊದಲು ಅದನ್ನು ಕೊಡುತ್ತೇನೆ. ಮನೆದೇವರು ಯಾರು? ಯಾರ ಹೆಸರು ಮೊದಲು ಬರಬೇಕು? ಸದ್ಯಕ್ಕೆ ಯಾರ ಜೊತೆ ಮಾತಿಲ್ಲ, ಆದರೂ ಹೆಸರು ಹಾಕಲೇಬೇಕು? ಯಾವ ಬಣ್ಣ ಕೂಡದು, ಯಾರಿಗೆ ಕೂಡದು? ಖಾಲಿ ಜಾಗ ಎಷ್ಟು ಸಹಿಸಬಲ್ಲಿರಿ? ಕೊನೆಗೆ, ಅಂತಿಮವಾಗಿ ಹೂಂ ಅನ್ನುವವರು ಯಾರು, ಅವರ ಫೋನ್ ನಂಬರು.

ಮೊದಮೊದಲು ಜನ ನಕ್ಕರು. ಈಗ ಮನೆಗೊಯ್ದು ತುಂಬಿಕೊಂಡು ಬರುತ್ತಾರೆ. ಮೊನ್ನೆ ಬಂದ ಫಾರಮಿನಲ್ಲಿ ಬಣ್ಣದ ಮುಂದೆ ವರ ಇಂಗ್ಲಿಷಿನಲ್ಲಿ ‘ನಿಮ್ಮಿಷ್ಟ’ ಎಂದು ಬರೆದಿದ್ದ. ಅದರ ಕೆಳಗೆ ನೀಲಿ ಮಸಿಯ ದುಂಡಕ್ಷರದಲ್ಲಿ ‘ಕರಿ, ಬೂದಿ ಬ್ಯಾಡ’. ಅದರ ಕೆಳಗೆ ಪೆನ್ಸಿಲಿನಲ್ಲಿ, ಒತ್ತಿ ಬರೆದು ಹಾಳೆ ತೂತಾಗಿದೆ, ‘ಹಸರೂ ಬ್ಯಾಡ – ಅತ್ತಿ’. ಅಂಚಿನಲ್ಲಿ ಅಜ್ಜನದು ಇರಬೇಕು, ನಡುಗುವ ಮೋಡಿ ಅಕ್ಷರದ ಕೈ, ‘ತೇರು ಇರಲಿ’. ಹುಡುಗ ನಾಚಿಕೊಂಡು ‘ಸಾರಿ ಕಾಕಾ, ಮನ್ಯಾಗ ಎಲ್ಲಾರೂ ಕೈ ಹಾಕಿಬಿಟ್ರು’ ಎಂದ. ನಾನು ಅವನಿಗೆ ಚಹಾ ತರಿಸಿ, ಅಡ್ವಾನ್ಸಿನಲ್ಲಿ 200 ರೂಪಾಯಿ ಕಡಿಮೆ ತೆಗೆದುಕೊಂಡೆ.